ಖಾಲಾನ ಮಾತಿನ ಮೇಲೆ ಹಾಡು

ನಾನು ಚಿಕ್ಕವಳಿದ್ದಾಗ ಒಂದು ಇಂಗ್ಲಿಷ್ ಹಾಡಿನ ದೆಸೆಯಿಂದ ಇಡೀ ದಿನ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ನಗಬೇಡಿ ಮಕ್ಕಳೇ. ಹತ್ತು ವರ್ಷದ ಹುಡುಗಿ, ಎಣ್ಣೆ ಹಾಕಿ ಬಿಗಿದ ಎರಡು ಜಡೆ, ದೇವದುರ್ಗದ ನಮ್ಮ ಓಣಿ ಬಿಟ್ಟರೆ ಬೇರೆ ಲೋಕ ಗೊತ್ತಿಲ್ಲ. ಹಾಡಿನ ಒಂದು ಶಬ್ದವೂ ತಿಳಿಯುತ್ತಿರಲಿಲ್ಲ. ಆದರೂ ಆ ಗಿಟಾರು, ಆ ಡ್ರಮ್ಮಿನ ಏಟು ಕಿವಿಗೆ ಬಿದ್ದರೆ ಮೈ ಜುಮ್ಮೆನ್ನುತ್ತಿತ್ತು.

ಈ ಹುಚ್ಚು ಹಿಡಿಸಿದವರು ಇಬ್ಬರು. ಒಬ್ಬ ನಮ್ಮ ಅಣ್ಣ. ಇನ್ನೊಬ್ಬ ಪಕ್ಕದ ಮನೆಯ ಖಾಲಾನ, ಅಂದರೆ ನಾವು ಚಿಕ್ಕಮ್ಮನಂತೆ ಕಾಣುತ್ತಿದ್ದವಳ, ಮಗ. ಅವನನ್ನು ನಾನು ಭಾಯಿ ಎನ್ನುತ್ತಿದ್ದೆ. ಇಬ್ಬರೂ ರಾಯಚೂರಿನಲ್ಲಿ ಒಂದೇ ಕೋಣೆಯಲ್ಲಿದ್ದು ಕಾಲೇಜು ಓದಿದವರು. ಅಲ್ಲಿ ಯಾರದೋ ಕ್ಯಾಸೆಟ್ಟಿನಲ್ಲಿ ಉದ್ದ ಕೂದಲಿನ ನಾಲ್ಕು ಜನ ಬಿಳಿಯರ ಬ್ಯಾಂಡು ಕೇಳಿ ಮರುಳಾಗಿ ಬಂದಿದ್ದರು. ನಮ್ಮ ಅಪ್ಪ ಮಾತ್ರ, "ತಗಡು ಬಡದಂಗ ಆಗ್ತದ, ಬಂದ್ ಮಾಡ್ರಿ" ಎಂದು ರೇಗುತ್ತಿದ್ದ.

ಭಾಯಿ ಸೌದಿಗೆ ಕೆಲಸಕ್ಕೆ ಹೋದ ಮೇಲೆ, ಊರಿಗೆ ಬರುವವರ ಕೈಯಲ್ಲಿ ಒಂದು ಟೇಪ್ ರೆಕಾರ್ಡರ್ ಕಳಿಸಿದ. ಖಾಲಾನಿಗೆ ಓದು ಬರಹ ಬಾರದು. ಹಾಗಾಗಿ ಕಾಗದದ ಬದಲು ಒಂದೇ ಕ್ಯಾಸೆಟ್ಟು ಅಲ್ಲಿಗೂ ಇಲ್ಲಿಗೂ ಓಡಾಡುತ್ತಿತ್ತು. ಒಂದು ಮಗ್ಗುಲಿನಲ್ಲಿ ಮಗ ಮಾತಾಡಿ ಕಳಿಸುವನು. ತಾಯಿ ಅದನ್ನು ಕೇಳಿ ಮುಗಿಸಿ, ಅದರ ಮೇಲೆಯೇ ತನ್ನ ಉತ್ತರ ತುಂಬಿ ಕಳಿಸುವಳು. ಇನ್ನೊಂದು ಮಗ್ಗುಲು ಗೆಳೆಯರಿಬ್ಬರದು. ಅಲ್ಲಿಂದ ಹೊಸ ಬ್ಯಾಂಡಿನ ಹಾಡು ಬರುವುದು, ನಡುನಡುವೆ "ಈಗ ಗಿಟಾರ್ ಕೇಳಲೇ, ಎದಿ ಒಡೀತದ" ಎಂಬ ಭಾಯಿಯ ದನಿ. ಇಲ್ಲಿಂದ ಅಣ್ಣ ಹುಡುಕಿ ತಂದ ಹಾಡು ಹೋಗುವುದು. ಖಾಲಾನ ಮಗ್ಗುಲನ್ನು ಬೇರೆ ಯಾರೂ ಕೇಳುವಂತಿರಲಿಲ್ಲ. ಅವಳು ಬಾಗಿಲು ಹಾಕಿಕೊಂಡು ಮಾತಾಡಿ, ಆ ಮಗ್ಗುಲಿಗೆ ಕಣ್ಣಿಗೆ ಹಚ್ಚುವ ಸುರ್ಮಾದ ಒಂದು ಕಪ್ಪು ಬೊಟ್ಟು ಇಡುವಳು. ಬೊಟ್ಟಿದ್ದ ಕಡೆ ಮುಟ್ಟಬಾರದು, ಅಷ್ಟೇ.

ಆ ಸಲ ಬಂದ ಕ್ಯಾಸೆಟ್ಟಿನಲ್ಲಿ ಭಾಯಿ ಒಂದು ಪ್ರಶ್ನೆ ಕೇಳಿದ್ದ. ಖಾಲಾನೇ ನಮ್ಮ ಅವ್ವನ ಮುಂದೆ ಹೇಳಿದ್ದಳು. ಕೆಲಸ ಕೊಟ್ಟವರು ಇನ್ನೂ ಮೂರು ವರ್ಷಕ್ಕೆ ಸಹಿ ಹಾಕು ಎನ್ನುತ್ತಿದ್ದಾರೆ. ಹಾಕಲೋ, ಊರಿಗೆ ಬರಲೋ? ಬೇರೆಯವರು ಹೇಳಿದರೆ ನಂಬುವುದಿಲ್ಲ, ಅಮ್ಮೀ, ನಿನ್ನ ದನಿಯಲ್ಲೇ ಹೇಳು. ಖಾಲಾ ಮೂರನೆಯ ದಿನ ಬಾಗಿಲು ಹಾಕಿಕೊಂಡಳು. ಏನು ಹೇಳಿದಳೋ ಯಾರಿಗೂ ಗೊತ್ತಿಲ್ಲ. ಮಾನ್ವಿಯಲ್ಲಿದ್ದ ಅವಳ ತಮ್ಮ, ನಾವೆಲ್ಲ ಮಾಮು ಎನ್ನುತ್ತಿದ್ದವರು, ಮರುದಿನವೇ ಸೌದಿಗೆ ಹೊರಟಿದ್ದರು. ಮಧ್ಯಾಹ್ನ ನಮ್ಮೂರಿಗೆ ಬಂದು ಕ್ಯಾಸೆಟ್ಟು ತೆಗೆದುಕೊಂಡು, ರಾಯಚೂರಿನಿಂದ ಸಂಜೆಯ ಬೊಂಬಾಯಿ ರೈಲು ಹಿಡಿಯುವವರಿದ್ದರು.

ಅಂದು ಬೆಳಿಗ್ಗೆ ಅಣ್ಣನಿಗೆ ಗಡಿಬಿಡಿಯೋ ಗಡಿಬಿಡಿ. ಅವನ ಹಾಡು ಇನ್ನೂ ತುಂಬಿರಲಿಲ್ಲ. ಮೈಕ್‌ಸೆಟ್ ಅಂಗಡಿಯಿಂದ ಇನ್ನೊಂದು ಟೇಪ್ ರೆಕಾರ್ಡರ್ ಕೇಳಿ ತಂದು, ಖಾಲಾನ ಒಳಕೋಣೆಯಲ್ಲಿ ಎರಡನ್ನೂ ಎದುರುಬದುರು ಕೂಡಿಸಿದ. ಒಂದು ಹಾಡಬೇಕು, ಇನ್ನೊಂದು ಕೇಳಿಸಿಕೊಳ್ಳಬೇಕು. ನಮ್ಮ ಕಡೆ ಆಗ ನಕಲು ಮಾಡುತ್ತಿದ್ದುದು ಹೀಗೆ. ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಚಾದರ ತುರುಕಿ, ಅಂಗಳದ ಕೋಳಿಯನ್ನು ಬುಟ್ಟಿಯಡಿ ಹಾಕಿದ್ದಾಯಿತು. ಒಳಗೆ ಸೆಕೆ, ಅತ್ತರಿನ ವಾಸನೆ, ಮೂಲೆಯ ಚೀಲದಿಂದ ಒಣಮೆಣಸಿನಕಾಯಿಯ ಘಾಟು. "ಕೆಮ್ಮಿದ್ರ ಹೊರಗ ಹಾಕ್ತೀನಿ ನೋಡು" ಎಂದ ಅಣ್ಣ.

ಕ್ಯಾಸೆಟ್ಟು ಹಾಕುವ ಕೆಲಸ ನನ್ನದು. ನಾನೋ ಮಹಾ ಜಾಣೆ! ಅಂಚಿನಲ್ಲಿ ಮಸಿ ಮೆತ್ತಿದೆ ಎಂದುಕೊಂಡು ಲಂಗದಿಂದ ತಿಕ್ಕಿ ತಿಕ್ಕಿ ಒರೆಸಿದೆ. ಬೊಟ್ಟು ಯಾವಾಗಲೂ ನಡುವೆ ಇರುತ್ತಿತ್ತು. ಆ ಸಲ ಅಂಚಿಗೆ ಹೋಗಿ ಹರಡಿತ್ತು, ನನಗೆ ಹೊಳೆಯಲೇ ಇಲ್ಲ. "ಬೊಟ್ಟಿಲ್ಲದ ಮಗ್ಗಲ ನೋಡಿ ಹಾಕವ್ವ" ಎಂದು ಅಣ್ಣ ಅಂದಾಗ ತಿರುಗಿಸಿ ತಿರುಗಿಸಿ ನೋಡಿದೆ. ಎರಡೂ ಕಡೆ ಬೊಟ್ಟಿಲ್ಲ! ಹೇಳಬಹುದಿತ್ತು. ಹೇಳಿದರೆ ಬೈಯುತ್ತಾನೆ, ಹೊರಗೆ ಹಾಕುತ್ತಾನೆ ಎಂಬ ಹೆದರಿಕೆ. ದೇವರ ಮೇಲೆ ಭಾರ ಹಾಕಿ ಒಂದು ಮಗ್ಗುಲು ತಿರುಗಿಸಿ ಹಾಕಿದೆ. ಅಣ್ಣ ಕೆಂಪು ಗುಂಡಿ ಒತ್ತಿದ.

ಗಿಟಾರು ಮೆಲ್ಲಗೆ ಶುರುವಾಗಿ ಏರುತ್ತಾ ಹೋಯಿತು. ಅಣ್ಣ ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದ. ನಾನು ಮಾತ್ರ ತಿರುಗುವ ಚಕ್ರವನ್ನೇ ನೋಡುತ್ತಾ ಬೆವರುತ್ತಿದ್ದೆ. ಮಧ್ಯಾಹ್ನ ಮಾಮು ಬಂದರು, ಖಾಲಾ ಕ್ಯಾಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಕಣ್ಣಿಗೊತ್ತಿಕೊಂಡು ಕೊಟ್ಟಳು. ಅವರು ಹನ್ನೆರಡರ ಬಸ್ಸಿಗೆ ಹೋದರು.

ಊಟಕ್ಕೆ ಕೂತವಳು ತಟ್ಟೆ ದೂರ ಸರಿಸಿದೆ. ಎದ್ದು ಖಾಲಾನ ಮನೆಗೆ ಹೋದೆ. ಅವಳು ಕಟ್ಟೆಯ ಮೇಲೆ ಕೂತು ಅಣ್ಣನೊಡನೆ ಮಾತಾಡುತ್ತಿದ್ದಳು. ಎಷ್ಟೋ ದಿನದ ಮೇಲೆ ಅವಳ ಮುಖ ಹಗುರಾಗಿತ್ತು. "ಹೇಳೋದೆಲ್ಲಾ ಮೊದಲಿಗೇ ಹೇಳಿಬಿಟ್ಟೀನಿ ನೋಡು. ಇನ್ನ ಅವನ ಕೈಯಾಗ ಅದ" ಎಂದಳು.

ಮೊದಲಿಗೇ! ನಾವು ಹಾಡು ತುಂಬಿದ್ದೂ ಮಗ್ಗುಲಿನ ಮೊದಲಿನಿಂದಲೇ. ನನಗೆ ಅಳು ತಡೆಯಲಾಗಲಿಲ್ಲ. ಬಿಕ್ಕುತ್ತಾ ಎಲ್ಲವನ್ನೂ ಹೇಳಿಬಿಟ್ಟೆ. ಅಣ್ಣ ದಡಕ್ಕನೆ ಎದ್ದ. "ಏನ್ ಮಾಡಿದೆಲೇ! ಅವಾಗೇ ಹೇಳಾಕ ಏನಾಗಿತ್ತು ನಿನಗ?" ಎಂದು ಕೈಯೆತ್ತಿದವನು ಹಾಗೇ ಇಳಿಸಿದ. ಖಾಲಾ ಏನೂ ಬೈಯಲಿಲ್ಲ. ಬುರ್ಖಾ ಹಾಕಿಕೊಂಡು, ಟೇಪ್ ರೆಕಾರ್ಡರ್ ಹೊರಗಿಟ್ಟು ಬಾಗಿಲಿಗೆ ಕೀಲಿ ಜಡಿದಳು. "ಡಬ್ಬಿ ತಗೊಳ್ರಿ. ಒಂದರ ಬಸ್ಸು ಸಿಗ್ತದ" ಎಂದಳು. ಟೇಪ್ ರೆಕಾರ್ಡರಿಗೆ ಅವಳು ಡಬ್ಬಿ ಎನ್ನುತ್ತಿದ್ದಳು.

ಅಬ್ಬಾ, ಆ ಬಸ್ಸಿನ ದಾರಿ! ಬೆಳಗಿನಿಂದ ಓಡಿ ಸೆಲ್ಲುಗಳು ಸೋತಿದ್ದವು. ಬಿಸಿಲಿಗೆ ಇಟ್ಟರೆ ಒಂದಿಷ್ಟು ಜೀವ ಬರುತ್ತದೆ ಎಂದು ಅಣ್ಣ ಆರೂ ಸೆಲ್ಲು ಬಿಚ್ಚಿ ನನ್ನ ಮಡಿಲಿಗೆ ಹಾಕಿ ಕಿಟಕಿಯ ಬದಿ ಕೂಡಿಸಿದ. ಮಸರಕಲ್ ದಾಟುವಾಗ ಕುರಿಹಿಂಡು ಅಡ್ಡ ಬಂದು ಬಸ್ಸು ನಿಂತಿತು. ಕುರಿ ಮುಗಿಯುತ್ತಲೇ ಇಲ್ಲ. ಅಣ್ಣ ಕೈಗಡಿಯಾರ ನೋಡುವುದು, ಡ್ರೈವರನಿಗೆ "ಹಾರ್ನ್ ಹೊಡೀರಿ ಸಾಹೇಬ್ರ" ಎನ್ನುವುದು. ಖಾಲಾ ಮಾತ್ರ ತುಟಿ ಅಲ್ಲಾಡಿಸುತ್ತಾ ಕೂತಿದ್ದಳು. ಪ್ರಾರ್ಥನೆಯೋ, ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತಿದ್ದಳೋ ತಿಳಿಯದು.

ನಾವು ರಾಯಚೂರು ಸ್ಟೇಷನ್ನಿಗೆ ಓಡಿ ಬಂದಾಗ ರೈಲು ಬಂದು ನಿಂತಿತ್ತು. ಅಣ್ಣ ಒಂದೊಂದೇ ಕಿಟಕಿ ಇಣುಕುತ್ತಾ ಓಡಿದ. ನಡುವಿನ ಬೋಗಿಯಲ್ಲಿ ಮಾಮು ಸಿಕ್ಕರು. ಸೆಲ್ಲು ತುಂಬಿ, ಕರವಸ್ತ್ರ ಬಿಚ್ಚಿ ಕ್ಯಾಸೆಟ್ಟು ಹಾಕಿದರೆ, ಗಿಟಾರು ಪ್ಲಾಟ್‌ಫಾರ್ಮಿನ ತುಂಬ ಹೊಯ್ದುಕೊಂಡಿತು. ಚಹಾದವನು, ಹಮಾಲರು, ಎಲ್ಲರೂ ತಿರುಗಿ ನೋಡಿದರು. ಅಣ್ಣ ಒಂದಷ್ಟು ಮುಂದೆ ಓಡಿಸಿದ. ಹಾಡು ಮುಗಿದು ಖಾಲಾನ ದನಿ ನಡುವಿನಿಂದ ಕೇಳಿತು, ಆಡು ಎರಡು ಮರಿ ಹಾಕಿದ ಸುದ್ದಿ. ನಾನು ಹಾಕಿದ್ದು ತಪ್ಪು ಮಗ್ಗುಲೇ.

ಅಣ್ಣ ಹಿಂದಕ್ಕೆ ತಿರುಗಿಸಿ ಕೆಂಪು ಗುಂಡಿ ಒತ್ತಿ, "ಮಾತಾಡ್ರಿ ಖಾಲಾ, ಲಗೂನ ಮಾತಾಡ್ರಿ" ಎಂದ. ಖಾಲಾ ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಒಂಟಿಯಾಗಿ ಕೂತು ಆಡಿದ ಮಾತನ್ನು ಅಷ್ಟು ಜನರ ನಡುವೆ, ತಮ್ಮನ ಎದುರಿಗೆ ಹೇಗೆ ಆಡುವುದು? ಚಕ್ರ ಸುಮ್ಮನೆ ತಿರುಗುತ್ತಿತ್ತು. ಗಾರ್ಡು ಸೀಟಿ ಊದಿದ. ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡು "ಖಾಲಾ, ಹೇಳು!" ಎಂದು ಕಿರುಚಿದೆ.

"ಬೇಟಾ, ಆಜಾ" ಎಂದಳು ಖಾಲಾ. "ಮೇರೆಕು ದಿಸ್ತಾ ನೈ ಅಬ್. ಆಜಾ."

ಮಗನೇ, ಬಾ. ನನಗೆ ಈಗ ಕಣ್ಣು ಕಾಣುವುದಿಲ್ಲ, ಬಾ. ಇಷ್ಟೇ.

ಅಣ್ಣ ಕ್ಯಾಸೆಟ್ಟು ಹೊರತೆಗೆದು ದಂಗಾಗಿ ನಿಂತ. ರೈಲು ಅಲುಗಿತು. ಮಾಮು ಕಿಟಕಿಯಿಂದ ಕೈ ಚಾಚಿ ಕ್ಯಾಸೆಟ್ಟು ಕಸಿದುಕೊಂಡು, "ಆಪಾ, ನಮಗ ಯಾಕ ಹೇಳಲಿಲ್ಲ?" ಎಂದು ಅಕ್ಕನತ್ತ ಕೂಗುತ್ತಾ ದೂರವಾದರು. ಎಷ್ಟು ತಿಂಗಳಿಂದ ಅವಳಿಗೆ ಎಲ್ಲ ಮಂಜಾಗಿತ್ತೋ, ಯಾರಿಗೂ ತಿಳಿಸಿರಲಿಲ್ಲ. ಬೊಟ್ಟು ಅಂಚಿಗೆ ಯಾಕೆ ಹೋಗಿತ್ತು ಎಂದು ನನಗೆ ಆಗ ಗೊತ್ತಾಯಿತು. ನಾನು ಹಾಡು ಹಾಕಿ ಅಳಿಸಿದ್ದು ಇದನ್ನೇ. ಅಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ.

ಎರಡು ತಿಂಗಳಿಗೆ ಭಾಯಿ ಬಂದ. ಸಹಿ ಹಾಕದೆ ಬಂದ. ಖಾಲಾನನ್ನು ರಾಯಚೂರಿಗೆ ಕರೆದೊಯ್ದು ಕಣ್ಣಿನ ಪೊರೆ ತೆಗೆಸಿದ. ಪಟ್ಟಿ ಬಿಚ್ಚಿದ ದಿನ ಮಗನನ್ನು ಮೇಲಿಂದ ಕೆಳಗೆ ನೋಡಿ ಅವಳು ಆಡಿದ ಮೊದಲ ಮಾತು, "ಥೂ! ಇದೇನೋ ಕೂದ್ಲ, ಹೆಂಗಸರ ಹಂಗ!" ಆ ಬ್ಯಾಂಡಿನವರಂತೆಯೇ ಹೆಗಲ ತನಕ ಬಿಟ್ಟಿದ್ದ. ನಾವೆಲ್ಲ ನಕ್ಕೆವು, ಅವಳೂ ನಕ್ಕಳು, ಆಮೇಲೆ ಅವನ ಮುಖ ಹಿಡಿದುಕೊಂಡು ಅತ್ತಳು.

ನೀವು ಈಗ ಬೆರಳು ತಾಗಿಸಿದರೆ ಸಾವಿರ ಹಾಡು. ಒಬ್ಬರ ಮೆಚ್ಚಿನ ಹಾಡು ಇನ್ನೊಬ್ಬರಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ. ತಪ್ಪಿ ಅಳಿಸಿದರೂ ಮತ್ತೆ ತರಿಸಿಕೊಳ್ಳುತ್ತೀರಿ. ಒಳ್ಳೆಯದೇ, ನಮ್ಮ ಪಾಡು ನಿಮಗೆ ಬೇಡ. ಆದರೆ ಕೆಳಗಿನ ಅಡುಗೆಮನೆಯಿಂದ ನಾನು ಫೋನಿನಲ್ಲಿ ಮಾತಾಡಿ ಕಳಿಸಿದರೆ, ಮಾಳಿಗೆಯ ಮೇಲೆ ಕೂತ ನೀವು ಅದನ್ನು ಎರಡು ಪಟ್ಟು ಜೋರಾಗಿ ಓಡಿಸಿ ಕೇಳುತ್ತೀರಂತೆ. ಅಜ್ಜಿಯ ಮಾತು ಬಹಳ ಉದ್ದವಂತೆ, ಕಳ್ಳರು! ಓಡಿಸಿಯೇ ಕೇಳಿ, ಬೇಡ ಎನ್ನುವುದಿಲ್ಲ. ಬಾ ಎಂದು ಕರೆದರೆ ಮಾತ್ರ ಎದ್ದು ಬನ್ನಿ. ಅದೊಂದು ಮಾತನ್ನು ಬಾಯಿಂದ ಹೊರಡಿಸಲು ಕೆಲವರಿಗೆ ಎಷ್ಟು ಕಷ್ಟವಾಗುತ್ತದೆಂದು ನಾನು ಕಣ್ಣಾರೆ ಕಂಡಿದ್ದೇನೆ.