ಅಸಂಗಿಯಲ್ಲಿ ಇಲ್ಲದ ಅಸಂಗಿಯವರು

ನಮ್ಮ ಅಡ್ಡಹೆಸರು ಅಸಂಗಿ. ನಾವಿದ್ದದ್ದು ಮಾತ್ರ ಸೊರಡಿಯಲ್ಲಿ. ಅಪ್ಪನಿಗೆ ಅಲ್ಲೊಂದು ಕಿರಾಣಿ ಅಂಗಡಿ, ಊರ ಹೊರಗೆ ತುಸು ಹೊಲ. ಅಸಂಗಿ ಎಂಬ ಊರು ಕನ್ನಡ-ಮರಾಠಿ ಗಡಿಯ ಹತ್ತಿರ ಇದೆ ಎಂದು ಕೇಳಿದ್ದೆವೇ ಹೊರತು ಮನೆಯಲ್ಲಿ ಯಾರೂ ಅದನ್ನು ಕಂಡವರಲ್ಲ. ಆ ಹೆಸರು ನನ್ನ ಮದುವೆಗೆ ಅಡ್ಡ ಬರುವವರೆಗೆ ನಾನೂ ಅದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ.

ಜತ್ತ ಸಂಸ್ಥಾನದ ರಾಜರ ಆಳ್ವಿಕೆ ಹೋಗಿ ಕೆಲವು ವರ್ಷಗಳಾಗಿದ್ದವು. ನಾನು ಮರಾಠಿ ಫೈನಲ್ ಪರೀಕ್ಷೆ ಪಾಸಾಗಿ, ಶಾಲೆಯಲ್ಲಿ ಕಲಿಸುವವಳೇ ಎಂದು ಹಟ ಹಿಡಿದು ಕೂತಿದ್ದೆ. ಹುಡುಗಿ ನೌಕರಿ ಮಾಡುತ್ತಾಳೆ ಎಂದ ಕೂಡಲೇ ನೋಡಲು ಬಂದವರು ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಜತ್ತದ ಒಂದು ಮನೆಯವರು ಮಾತ್ರ ಏಳಲಿಲ್ಲ. ಹುಡುಗ ತಾನೇ ಬಾಯಿಬಿಟ್ಟು, "ಸಾಲಿ ನೌಕರಿ ಆಸೆ ಬಿಡಬ್ಯಾಡ್ರಿ," ಎಂದ. ನನಗೆ ಅಷ್ಟು ಸಾಕಾಯಿತು.

ಆದರೆ ಅವರ ಅಡ್ಡಹೆಸರೂ ಅಸಂಗಿಯೇ.

"ಒಂದ ಹೆಸರಂದ್ರ ಒಂದ ರಕ್ತ," ಎಂದಳು ಅಜ್ಜಿ, ಅಪ್ಪನ ತಾಯಿ. "ಅಣ್ಣ-ತಂಗಿಗಿ ಯಾರರ ಲಗ್ನಾ ಮಾಡ್ತಾರೇನು?"

ವಂಶ ಯಾವುದೆಂದು ಬೆಡಗು, ಅಂದರೆ ಕುಲದ ಹೆಸರು, ಕೇಳಿ ತಿಳಿಯುವುದು ನಮ್ಮಲ್ಲಿ ವಾಡಿಕೆ. ಎರಡೂ ಮನೆಗಳಲ್ಲಿ ಅದನ್ನು ಖಾತ್ರಿಯಾಗಿ ಹೇಳುವವರು ಉಳಿದಿರಲಿಲ್ಲ. ತಾಯಿಯ ಮಾತು ಮೀರದ ಅಪ್ಪ ಅಂಗಡಿಗೆ ಹೋಗಿ ಕೂತರು. ನನಗೆ ಮೈಯೆಲ್ಲ ಉರಿಯಿತು. ಅಳುತ್ತ ಕೂರುವ ಪೈಕಿ ನಾನಲ್ಲ.

"ಅಸಂಗಿಗಿ ಹೋಗಿ ಕೇಳೂಣ ನಡಿ, ಅಜ್ಜಿ," ಎಂದೆ. "ಎರಡೂ ಒಂದ ಮನಿ ಅಂದ್ರ ನಾ ಬಾಯಿ ಮುಚ್ಚತೀನಿ. ಅಲ್ಲಂದ್ರ ನೀ ಮುಚ್ಚಬೇಕು."

ಅಮ್ಮ ಹೌಹಾರಿದಳು. ಅಜ್ಜಿ ನನ್ನನ್ನು ದಿಟ್ಟಿಸಿ ನೋಡಿ, ಗಾಡಿ ಹೂಡಲು ಅಪ್ಪನಿಗೆ ಹೇಳಿದಳು. ಹಟದಲ್ಲಿ ನಾನು ಅವಳ ಮೊಮ್ಮಗಳೇ.

ಅಸಂಗಿಯ ಚಾವಡಿ ಕಟ್ಟೆಯ ಮೇಲೆ ಒಬ್ಬ ಮುದುಕರು ಕೂತಿದ್ದರು. ಅಪ್ಪ ಗಾಡಿ ನಿಲ್ಲಿಸಿ, "ಇಲ್ಲಿ ಅಸಂಗಿಯವ್ರ ಮನಿ ಎಲ್ಲಿ ಬರ್ತೈತ್ರಿ?" ಎಂದು ಕೇಳಿದರು. ಮುದುಕರು ಬೊಚ್ಚುಬಾಯಿ ತೆರೆದು ನಕ್ಕರು.

"ಅಸಂಗ್ಯಾಗ ಅಸಂಗಿಯವ್ರು ಯಾರೂ ಇಲ್ರಿ. ಇಲ್ಲೇ ಇರಾವ್ರಿಗಿ ಊರ ಹೆಸರು ಯಾಕ ಬೇಕು? ಊರ ಬಿಟ್ಟಾವ್ರಿಗಿ ಹೋದಲ್ಲಿ ಮಂದಿ ಹಂಗ ಕರೀತಾರ. ಕುಣಿಕೋಣೂರಾಗ ಅದಾರ, ಸಾಂಗ್ಲ್ಯಾಗೂ ಅದಾರಂತ. ಕುರಿ ಕಾಯಾವ್ರೂ ಅದಾರ, ಸಾವಕಾರ್ರೂ ಅದಾರ. ಬರ್ರಿ, ಕುಂದ್ರಿ. ನಿಮ್ಮ ಹಿರ್ಯಾರು ಇಲ್ಲಿ ಏನ ಮಾಡತಿದ್ರು?"

ಅಜ್ಜಿ ಗಾಡಿಯಿಂದ ಇಳಿದು, "ಸಂತಿಗಿ ಬೆಲ್ಲಾ ಒಯ್ತಿದ್ರಂತ," ಎಂದಳು. ಜತ್ತದ ಅಸಂಗಿಯವರ ಸಂಬಂಧ ಬಂದಿದೆ ಎಂದು ನಾನು ಸೇರಿಸಿದೆ.

"ಹಂಗಾರ ನೀವು ಬೆಲ್ಲದವ್ರು!" ಎಂದರು ಮುದುಕರು. "ಮತ್ತ ಜತ್ತಕ ಹೋದಾವ್ರು ಬಾವಿಕಟ್ಟಿಯವ್ರು. ಮನಿ ಮುಂದ ಬಾವಿ ಇತ್ತು, ಅದಕ ಆ ಹೆಸರು. ಬೆಲ್ಲದವ್ರ ಮನಿ ಹೆಣ್ಣಮಗಳನ್ನ ಬಾವಿಕಟ್ಟಿಯವ್ರಿಗೇ ಕೊಟ್ಟಿದ್ರು ಅಂತ ನಮ್ಮವ್ವ ಹೇಳತಿದ್ಲು. ನೀವು ಹಳೇ ಬೀಗರ್ರಿ!"

ನಾನು ಅಜ್ಜಿಯ ಮುಖ ನೋಡಿದೆ. ಆಕೆ ಸೆರಗು ಸರಿಮಾಡಿಕೊಂಡು ಬಾವಿ ಎಲ್ಲಿದೆ ಎಂದು ಕೇಳಿದಳು. ಹೋಗಿ ನೋಡಿದೆವು. ಹಾಳುಬಿದ್ದ ಅಡಿಪಾಯದ ಮುಂದೆ ಬಾವಿ ಹಾಗೆಯೇ ಇತ್ತು, ಯಾರೋ ನೀರು ಸೇದುತ್ತಿದ್ದರು. ಅಜ್ಜಿ ಒಂದು ಬೊಗಸೆ ನೀರು ಕುಡಿದು ಗಾಡಿ ಹತ್ತಿದಳು. ಊರು ಮುಟ್ಟುವವರೆಗೂ ಒಂದು ಮಾತಾಡಲಿಲ್ಲ. ನಾನೂ ಕೆಣಕಲಿಲ್ಲ, ಗೆದ್ದ ಖುಷಿಯನ್ನು ತುಟಿ ಕಚ್ಚಿ ತಡೆದುಕೊಂಡಿದ್ದೆ.

ನನ್ನ ಮದುವೆಯ ಹಂದರದ ಕೆಳಗೆ ಸಂಬಂಧಿಕರೊಬ್ಬರು, "ಎರಡೂ ಕಡಿ ಒಂದ ಹೆಸರಲ್ಲ?" ಎಂದು ರಾಗ ತೆಗೆದಾಗ ಅವರ ಮೇಲೆ ಹರಿಹಾಯ್ದವಳು ಅಜ್ಜಿಯೇ. "ಅವ್ರು ನಮ್ಮ ಹಳೇ ಬೀಗರು. ಗೊತ್ತಿಲ್ಲಂದ್ರ ಸುಮ್ನ ಅಕ್ಕಿಕಾಳ ಒಗೀರಿ!"

ಮರುವರ್ಷ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮದುವೆಯಾದ ಮೇಲೆ ಅಡ್ಡಹೆಸರು ಏನಾಯಿತು ಎಂದು ಹೆಡ್‌ಮಾಸ್ತರರು ಕೇಳಿದರು. ಅದೇ ಎಂದೆ. ತವರಿನದೋ ಗಂಡನ ಮನೆಯದೋ ಎಂದು ಅವರಿಗೆ ಅನುಮಾನ.

"ನಂದ್ರಿ," ಎಂದೆ.