ಹಿಂದಕ್ಕೆ ಬಂದ ಅಲೆ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನ ಅಕ್ಕನ ಮನೆ ಪುತ್ತೂರಿನಲ್ಲಿತ್ತು. ಭಾವ ಸೈನ್ಯದ ಸಿಗ್ನಲ್ ವಿಭಾಗದಲ್ಲಿ ಇದ್ದು ಬಂದವರು. ಲೈಸೆನ್ಸ್ ಪಡೆದು, ಚಾವಡಿಯ ಮೂಲೆಯಲ್ಲಿ ಟ್ರಾನ್ಸ್‌ಮಿಟರ್ ಕಟ್ಟಿ, ದೂರದ ರೇಡಿಯೋ ಹವ್ಯಾಸಿಗಳ ಜೊತೆ ಮಾತಾಡುತ್ತಿದ್ದರು. ಮಂಗಳೂರಿನಲ್ಲಿ ಭೌತಶಾಸ್ತ್ರ ಓದುತ್ತಿದ್ದ ನಾನು ರಜೆಗೆಲ್ಲ ಅಲ್ಲಿಗೇ ಹೋಗುತ್ತಿದ್ದೆ.

ಒಂದು ದಸರಾ ರಜೆಯಲ್ಲಿ ಪಕ್ಕದ ಮನೆಯ ಬ್ಯಾರಿ ವ್ಯಾಪಾರಿ ಬಂದು ಜಗಲಿಯಲ್ಲಿ ಕೂತರು.

"ಹಾಡಿನ ಮಧ್ಯೆ ನಿಮ್ಮ ಸ್ವರ ಬರ್ತದೆ ಮಾರಾಯ್ರೆ. ರೇಡಿಯೋದ ಒಳಗೆ ನೀವು ಎಂತ ಮಾಡುದು ಅಂತ ನಮ್ಮ ಉಮ್ಮ ಕೇಳ್ತಾರೆ."

ಅವರ ತಾಯಿಯ ಪ್ರಶ್ನೆ ಕೇಳಿ ಭಾವನಿಗೆ ನಾಚಿಕೆಯಾಯಿತು. ಅವರು ಕಳಿಸುವ ತರಂಗದ ಜೊತೆ ಅದರ ಇಮ್ಮಡಿ ಕಂಪನಾಂಕದ ತರಂಗವೂ ನುಸುಳಿ ಪಕ್ಕದ ಮನೆಯ ರೇಡಿಯೋ ಸೇರುತ್ತಿತ್ತು. ಬೇಕಾದದ್ದನ್ನು ದಾಟಿಸಿ ಬೇಡದ್ದನ್ನು ತಡೆಯಲು ತಾಮ್ರದ ತಂತಿ ಸುತ್ತಿ ಒಂದು ಫಿಲ್ಟರ್ ಮಾಡಿದರು. ಅದನ್ನು ಟ್ರಾನ್ಸ್‌ಮಿಟರಿಗೂ ಮಾಡಿನ ಮೇಲಿನ ಏರಿಯಲ್ ತಂತಿಗೂ ನಡುವೆ ಕೂರಿಸಿದರು. ಅಳೆದು ನೋಡಿದಾಗ, ದಾಟಬೇಕಾದವೂ ಒಂದೇ ಸಮ ದಾಟುತ್ತಿರಲಿಲ್ಲ. ಕೆಲವು ಕಂಪನಾಂಕಗಳಲ್ಲಿ ಶಕ್ತಿ ಪೂರ್ತಿ ದಾಟಿದರೆ ಕೆಲವುಗಳಲ್ಲಿ ಹತ್ತರಲ್ಲೊಂದು ಪಾಲು ಕಡಿಮೆ. ಅಳತೆಗಳನ್ನು ಗುರುತಿಸಿ ಕಾಗದದ ಮೇಲೆ ಎಳೆದ ಗೆರೆ ಸಣ್ಣಗೆ ಸುಕ್ಕುಗಟ್ಟಿತ್ತು.

"ಅಷ್ಟು ಸುಕ್ಕು ಕಿವಿಗೆ ಗೊತ್ತೇ ಆಗುದಿಲ್ಲ," ಎಂದರು ಭಾವ. "ಅದನ್ನು ಒಪ್ಪಿಕೊಂಡರೆ ಫಿಲ್ಟರ್ ಬೇಡದ್ದನ್ನು ಚೆನ್ನಾಗಿ ತಡೆಯುತ್ತದೆ."

ಮರುದಿನ ಬೆಳಿಗ್ಗೆ, ಹಾಗೆ ಕಡಿಮೆ ದಾಟುವ ಒಂದು ಕಂಪನಾಂಕದಲ್ಲಿ, ಅವರು ಮೈಕಿನಲ್ಲಿ ಎರಡು ಮಾತಾಡಿದ್ದರಷ್ಟೆ, ಚಟಾರೆಂದಿತು. ಟ್ರಾನ್ಸ್‌ಮಿಟರಿನ ಕಂಡೆನ್ಸರಿನ ತಗಡುಗಳ ನಡುವೆ ನೀಲಿ ಕಿಡಿ ಹಾರಿತ್ತು. ನಾನು ಗೋಡೆಗೆ ಅಂಟಿದೆ. ಅಕ್ಕ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದಳು.

ಎಲ್ಲ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಭಾವ ಫಿಲ್ಟರಿನ ಸುರುಳಿ ಮುಟ್ಟಿದರು. ತಣ್ಣಗಿತ್ತು.

"ದಾಟದ ಪಾಲು ಇಲ್ಲಿ ಬಿಸಿಯಾಗಿ ಕಳೆದುಹೋಗಬೇಕಲ್ವಾ ಭಾವ? ಬಿಸಿಯೇ ಇಲ್ಲ ಅಂದ್ರೆ ಅದು ಹೋಗುದು ಎಲ್ಲಿಗೆ?"

ಭಾವ ನನ್ನ ಮುಖ ನೋಡಿದರು. "ವಾಪಸ್ ಬರುದು," ಎಂದರು ನಿಧಾನವಾಗಿ. "ಆದರೂ ಹತ್ತರಲ್ಲೊಂದಕ್ಕೆ ಇಷ್ಟು ದೊಡ್ಡ ಕಿಡಿಯಾ?"

ನಾನು ಪೆನ್ಸಿಲ್ ತೆಗೆದುಕೊಂಡೆ. ಶಕ್ತಿ ಎಂದರೆ ಅಲೆಯ ಎತ್ತರದ ವರ್ಗದ ಲೆಕ್ಕ. ಹತ್ತನೇ ಒಂದರ ವರ್ಗಮೂಲ ಹೆಚ್ಚುಕಡಿಮೆ ಮೂರನೇ ಒಂದು. ಅಂದರೆ, ಹೋಗುವ ಅಲೆಯ ಮೂರನೇ ಒಂದರಷ್ಟು ಎತ್ತರದ ಅಲೆ ಅದೇ ತಂತಿಯಲ್ಲಿ ಎದುರು ಬರುತ್ತಿತ್ತು. ಎರಡೂ ಕೂಡಿದಲ್ಲಿ ವೋಲ್ಟೇಜ್ ಮೂರನೇ ಒಂದರಷ್ಟು ಏರಿ ಕಿಡಿ ಹಾರಿತ್ತು. ಬರೆದ ಉತ್ತರವನ್ನು ನನಗೇ ನಂಬಲಾಗದೆ ಮತ್ತೆ ಲೆಕ್ಕ ಹಾಕಿದೆ. ಅಷ್ಟೇ ಬಂತು.

"ನೂರರಲ್ಲೊಂದು ಮಾತ್ರ ಕಡಿಮೆಯಾದರೆ?" ಎಂದು ಭಾವ ಕೇಳಿದರು.

"ಆಗಲೂ ಹತ್ತರಲ್ಲೊಂದು ಎತ್ತರದ ಅಲೆ ವಾಪಸ್ ಉಂಟು ಭಾವ."

ಭಾವ ಕುರ್ಚಿ ಎಳೆದು ಕೂತರು. "ಆಚೆ ಹೋದದ್ದನ್ನು ಮಾತ್ರ ಅಳೆಯುತ್ತಾ ಬಂದೆ ಮಾರಾಯ್ತಿ. ಈಚೆ ಬಂದದ್ದನ್ನು ನೋಡಲೇ ಇಲ್ಲ." ಫಿಲ್ಟರನ್ನು ಬಿಚ್ಚಿ ಟ್ರಾನ್ಸ್‌ಮಿಟರಿನಿಂದ ದೂರ ಇಟ್ಟರು. ಹೆದರಿಕೆ ಕಿಡಿಯದ್ದೋ ಲೆಕ್ಕದ್ದೋ, ನನಗೆ ಇಂದಿಗೂ ಗೊತ್ತಿಲ್ಲ.

ಸುಕ್ಕು ಕಣ್ಣಿಗೆ ಕಾಣದಷ್ಟು ಇಳಿಯುವ ಹಾಗೆ ಸುರುಳಿಗಳನ್ನು ಮತ್ತೆ ಸುತ್ತಿದರು. ಹಾಗೆ ಮಾಡಿದಾಗ ತಡೆ ಸಡಿಲವಾಯಿತು. ಅದಕ್ಕೆ ಇನ್ನೊಂದು ಸುರುಳಿ ಸೇರಿಸಬೇಕಾಯಿತು. ರಜೆ ಮುಗಿಯುವ ಮೊದಲು ಅವರು ಸ್ವಿಚ್ ಒತ್ತಿದಾಗ ನಾನು ಬಾಗಿಲಾಚೆ ನಿಂತು ಕಿವಿ ಮುಚ್ಚಿಕೊಂಡಿದ್ದೆ. ಏನೂ ಆಗಲಿಲ್ಲ. ಸಿಲೋನಿನಿಂದ ಯಾರೋ ಉತ್ತರಿಸಿದರು. ಎಂದಿನಂತೆ ಅಲ್ಲಿನ ಹವೆ ಹೇಗಿದೆ ಎಂದು ಕೇಳದೆ, ಭಾವ ಅವರಿಗೆ ಆ ವರ್ಗಮೂಲದ ವಿಷಯ ಹೇಳತೊಡಗಿದರು.