ಗರಗಸದ ಆಚೆ ತುದಿ

ಕಳಲೆ ಊರಿನ ನಮ್ಮ ಹಿತ್ತಲಲ್ಲಿ ಉರುಳಿದ್ದ ಹುಣಸೆ ಕೊರಡಿನ ಮೇಲೆ ನನ್ನ ಪೆಟ್ರೋಲ್ ಗರಗಸ ಬರೀ ಹೊಗೆ ಎಬ್ಬಿಸುತ್ತಿತ್ತು. ಬೇಲಿಯಾಚೆ ನಿಂತಿದ್ದ ಹಿರಿಯರೊಬ್ಬರು ಒಳಗೆ ಬಂದು, ಕೆಳಗೆ ಉದುರಿದ್ದ ಪುಡಿಯನ್ನು ಅಂಗೈಯಲ್ಲಿ ಉಜ್ಜಿ ನೋಡಿದರು.

“ರಾಗಿ ಇಟ್ಟಿನಂಗೆ ಬತ್ತಾ ಅದೆ ಸಾ. ಚೈನಿನ ಅಲ್ಲು ಮೊಂಡಾಗವೆ.”

ಸೆಕೆಂಡ್ ಹ್ಯಾಂಡ್ ಮೆಷಿನ್ನು, ಮೇಲಿನ ಹೆಸರೂ ಅಳಿಸಿಹೋಗಿತ್ತು. ದೋಷವೆಲ್ಲ ಇಂಜಿನ್ನಿನದೇ ಎಂದು ಪ್ಲಗ್ ಬದಲಿಸಿದ್ದೆ, ಪೆಟ್ರೋಲಿಗೆ ಇನ್ನಷ್ಟು ಆಯಿಲ್ ಬೆರೆಸಿದ್ದೆ, ಮಾರಿದವನನ್ನು ಬೈದದ್ದೂ ಆಗಿತ್ತು. ಅವರು ಗುಂಡನೆಯ ಅರ ಕೇಳಿ ಪಡೆದು, ಕುಕ್ಕರಗಾಲಲ್ಲಿ ಕೂತು, ಚೈನಿನ ಒಂದೊಂದೇ ಹಲ್ಲನ್ನು ಒಳಗಿನಿಂದ ಹೊರಕ್ಕೆ ಉಜ್ಜಿ ಹರಿತ ಮಾಡಿದರು. ಮತ್ತೆ ಸ್ಟಾರ್ಟ್ ಮಾಡಿದಾಗ ಚಕ್ಕೆ ಅವಲಕ್ಕಿಯಂತೆ ಉದುರಿತು. ನೋಡನೋಡುತ್ತಲೇ ಕೊರಡು ಎರಡಾಯಿತು.

ಅವರು ಮೂವತ್ತು ವರ್ಷ ಇಬ್ಬರು ಎಳೆಯುವ ಕೈಗರಗಸದಲ್ಲಿ ಮರ ಕೊಯ್ದವರಂತೆ. ಎದುರಿಗೆ ನಿಂತು ಎಳೆಯುತ್ತಿದ್ದ ಭಾವಮೈದ ಹೋದ ವರ್ಷ ತೀರಿಕೊಂಡರಂತೆ. ಒಬ್ಬರೇ ಎಳೆಯಲಾಗದ ಆ ಗರಗಸ ಅಂದಿನಿಂದ ಮನೆಯ ಗೋಡೆಯಲ್ಲೇ ನೇತಾಡುತ್ತಿದೆ ಎಂದರು.

ನಾನು ಮೆಷಿನ್ ಆಫ್ ಮಾಡಿ ಕೆಳಗಿಟ್ಟೆ. ಅವರು ಬಗ್ಗಿ, ಅದರ ತುದಿಯನ್ನು ಮೆಲ್ಲಗೆ ಮುಟ್ಟಿದರು.

“ಈ ಕಡೆ ಇಡ್ಕೊಳ್ಳೋಕೆ ಯಾರೂ ಬ್ಯಾಡ್ವಾ ಸಾ?”

ಬೇಡ ಎಂದೆ. ಅವರು ಅರವನ್ನು ಪಂಚೆಯಲ್ಲಿ ಒರೆಸಿ ನನ್ನ ಕೈಗಿತ್ತು, ಕಾಫಿಗೂ ನಿಲ್ಲದೆ ಹೊರಟುಬಿಟ್ಟರು.

ಈಗ ಚೈನಿಗೆ ನಾನೇ ಅರ ಹಾಕುತ್ತೇನೆ, ಮೆಷಿನ್ ಚೆನ್ನಾಗಿಯೇ ಓಡುತ್ತಿದೆ. ಆದರೆ ಅದನ್ನು ಹಿಡಿದು ಮರದ ಮುಂದೆ ನಿಂತಾಗಲೆಲ್ಲ, ಎದುರಿಗೆ ಒಬ್ಬರು ನಿಲ್ಲಬೇಕಾಗಿದ್ದ ಜಾಗ ನನಗೆ ಖಾಲಿ ಕಾಣುತ್ತದೆ.